ಗೃಹಿಣಿ ಎಂದರೆ ಮನೆಯುಳ್ಳವಳು

ಮಡಿಕೇರಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಒಲೆಯ ಮೇಲೆ ಕಡಂಬುಟ್ಟು ಬೇಯಲು ಇಟ್ಟು, ಕಣದಲ್ಲಿ ಹರಡಿದ ಕಾಫಿಯ ಮೇಲೆ ಒಂದು ಕಣ್ಣಿಟ್ಟು ರೇಡಿಯೋ ಕೇಳುತ್ತಿರುವ ಅಕ್ಕಂದಿರೇ, ಇವತ್ತಿನ ಮಾತು ನಿಮ್ಮೊಡನೆ.

ಧನವುಳ್ಳವನು ಧನಿ, ಗುಣವುಳ್ಳವನು ಗುಣಿ. ಹಾಗೆಯೇ ಗೃಹವುಳ್ಳವಳು ಗೃಹಿಣಿ. ಗಂಡಸಿಗೆ ಏನನ್ನುತ್ತೇವೆ? ಗೃಹಸ್ಥ. 'ಸ್ಥ' ಎಂದರೆ ಇರುವವನು. ಅವನು ಮನೆಯಲ್ಲಿ ಇರುವವನು, ನೀವು ಮನೆಯುಳ್ಳವರು! ಕಾಳಿದಾಸನ ರಘುವಂಶದಲ್ಲಿ ಇಂದುಮತಿ ತೀರಿಕೊಂಡಾಗ ಅಜ ಮಹಾರಾಜನು ಅವಳನ್ನು ಗೃಹಿಣಿ, ಸಚಿವ, ಸಖಿ ಎಂದು ಕರೆದು ಅಳುತ್ತಾನೆ. ಗೃಹಿಣಿಯ ಬೆನ್ನಿಗೇ ಮಂತ್ರಿಪದವಿ, ಗಮನಿಸಿ.

ನಾಪೋಕ್ಲು ಕಡೆಯ ಒಂದು ಮನೆಗೆ ಹೋಗಿದ್ದೆ. ಕಾಫಿ ಕುಯಿಲಿನ ಕಾಲ. ಮನೆಯಾಕೆ ಅಂಗಳದಲ್ಲಿ ನಿಂತು ಆಳುಗಳು ಕುಯ್ದು ತಂದ ಹಣ್ಣನ್ನು ತೂಗಿಸಿ, ಒಬ್ಬೊಬ್ಬರ ಲೆಕ್ಕವನ್ನೂ ಪುಸ್ತಕದಲ್ಲಿ ಬರೆಯುತ್ತಿದ್ದರು. ನಡುವೆ ಒಳಗಿನಿಂದ ಅತ್ತೆ ಔಷಧಿ ಕೇಳಿದರು, ಅದೂ ಆಯಿತು. ಮೆಣಸಿನ ವ್ಯಾಪಾರಿ ಫೋನು ಮಾಡಿದ. ಆತ ಹೇಳಿದ ಬೆಲೆಗೆ ಈಕೆ ನಕ್ಕ ನಗು ನನಗೆ ಇನ್ನೂ ನೆನಪಿದೆ. ಆತನೇ ಬೆಲೆ ಏರಿಸಿದ. ಅಷ್ಟರಲ್ಲಿ ಯಾವುದೋ ಸಮೀಕ್ಷೆಯ ಹುಡುಗ ಬಂದ. ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದ ಯಜಮಾನರು ತಮ್ಮ ಉದ್ಯೋಗ ಕೃಷಿ ಎಂದರು. "ನಿಮ್ಮದು ಅಕ್ಕಾ?" ಎಂದ ಹುಡುಗ. ಪೆನ್ನು ಕೈಯಲ್ಲೇ ಇದೆ, ಈಕೆ ಹೇಳುತ್ತಾರೆ: "ನನ್ನದೇನೂ ಇಲ್ಲಪ್ಪಾ, ಸುಮ್ಮನೆ ಮನೆಯಲ್ಲಿದ್ದೇನೆ." ಹುಡುಗ ಗೃಹಿಣಿ ಎಂದು ಬರೆದುಕೊಂಡ. ಸುಮ್ಮನೆಯಂತೆ! ಕೇಳಿ ಮೈ ಉರಿಯಿತು. ಮನೆಯುಳ್ಳವಳು ಎಂಬ ಪದವನ್ನು ನಾವೇ ಕೆಲಸವಿಲ್ಲದವಳು ಎಂಬ ಅರ್ಥಕ್ಕೆ ಇಳಿಸಿದ್ದೇವೆ. ಜನಗಣತಿಯೂ ಅಷ್ಟೇ: ಮನೆಗೆಲಸ ಮಾತ್ರ ಮಾಡುವವರು ಅದರ ಲೆಕ್ಕದಲ್ಲಿ ದುಡಿಯದವರು. ಸರ್ಕಾರದ್ದೇ 2019ರ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಆ ಕೆಲಸಕ್ಕೆ ಕೈಹಾಕುವ ಗಂಡಸರು 97 ನಿಮಿಷ.

ಇಂಗ್ಲಿಷಿನ 'ಹೌಸ್‌ವೈಫ್' ಸವೆದು 'ಹಸ್ಸಿ' ಎಂಬ ಬೈಗುಳವಾದ ಕಥೆಯನ್ನೂ ವಿವರವಾಗಿ ಹೇಳಬೇಕೆಂದಿದ್ದೆ. ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ.

ಇದೊಂದನ್ನು ಹೇಳಿಯೇ ಏಳುತ್ತೇನೆ. ಯಜಮಾನ ಎಂದರೆ ಮೊದಲಿಗೆ ಯಜ್ಞ ಮಾಡಿಸುವವನು, ಆಮೇಲೆ ಮನೆಯ ಹಿರಿಯ, ಕೊನೆಗೆ ಗಂಡ. 2013ರ ಆಹಾರ ಭದ್ರತಾ ಕಾಯಿದೆಯು ಪಡಿತರ ಚೀಟಿಯಲ್ಲಿ ಹದಿನೆಂಟು ತುಂಬಿದ ಹಿರಿಯ ಹೆಂಗಸನ್ನೇ ಕುಟುಂಬದ ಮುಖ್ಯಸ್ಥೆ ಎಂದಿತು. ಗೃಹಲಕ್ಷ್ಮಿ ಅರ್ಜಿಯಲ್ಲಿ ಅವಳೇ ಯಜಮಾನಿ. ಇನ್ನು ಸಮೀಕ್ಷೆಯವರು ಬಂದರೆ ಆ 'ಸುಮ್ಮನೆ'ಯನ್ನು ಬಿಟ್ಟು ಉತ್ತರ ಕೊಡಿ ಅಕ್ಕಾ. ನಮಸ್ಕಾರ.