ಬೆಂಕಿಪೊಟ್ಟಣದಲ್ಲಿ ತಂದ ಹುಳು

ಕೇಳುಗರಿಗೆ ನಮಸ್ಕಾರ.

ನಾನು ಮನೋವೈದ್ಯ. ಒಂದು ಬೆಳಿಗ್ಗೆ ಐವತ್ತು ದಾಟಿದ ಮೇಷ್ಟ್ರೊಬ್ಬರು ನನ್ನ ಕೋಣೆಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಅಚ್ಚುಕಟ್ಟಾದ ಮಾತು. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲಿಟ್ಟು, "ನೋಡಿ ಡಾಕ್ಟ್ರೇ, ಹಿಡ್ಕೊಂಡೇ ಬಂದಿದೀನಿ" ಅಂದರು. ಒಳಗಿದ್ದದ್ದು ಚರ್ಮದ ಹೊಟ್ಟು, ಒಂದೆರಡು ನೂಲಿನ ಎಳೆ, ಒಣಗಿದ ಗಾಯದ ಹಕ್ಕಳೆ. ಅವರ ಪಾಲಿಗೆ ಅವೆಲ್ಲ ಹುಳು. ಎರಡು ವರ್ಷದಿಂದ ಚರ್ಮದ ಕೆಳಗೆ ಹರಿದಾಡುತ್ತಿರುವ ಹುಳು. ಚರ್ಮದ ಡಾಕ್ಟರುಗಳನ್ನು ಸುತ್ತಿದ್ದಾಗಿತ್ತು, ಹಾಸಿಗೆ ಸುಟ್ಟದ್ದಾಗಿತ್ತು, ಮೈಗೆ ಸೀಮೆಎಣ್ಣೆ ಸವರಿದ್ದೂ ಆಗಿತ್ತು. "ಹುಳ ಇರೋದು ಮೈಯಲ್ಲಿ, ತಲೇಲಲ್ಲ" ಎಂದು ಸಿಟ್ಟಿನಿಂದಲೇ ಕೂತರು.

ರೋಗಿಗಳು ಹೀಗೆ ಪುರಾವೆ ಕಟ್ಟಿಕೊಂಡು ಬರುವುದಕ್ಕೆ ವೈದ್ಯರು ಬೆಂಕಿಪೊಟ್ಟಣದ ಲಕ್ಷಣ ಎಂದೇ ಹೆಸರಿಟ್ಟಿದ್ದಾರೆ. ಈಗೀಗ ಪೊಟ್ಟಣದ ಬದಲು ಮೊಬೈಲ್ ಫೋಟೊ ಬರುತ್ತದೆ. ಮೈಯಲ್ಲಿ ಹುಳುವಿದೆ ಎಂದು ನಂಬುವ ಈ ಕಾಯಿಲೆಯನ್ನು 1938ರಲ್ಲಿ ವಿವರಿಸಿದ ಸ್ವೀಡನ್ನಿನ ಎಕ್‌ಬೊಮ್ ಎಂಬ ವೈದ್ಯನ ಹೆಸರು ಇದಕ್ಕೆ ಅಂಟಿಕೊಂಡಿದೆ.

ಇಲ್ಲದ್ದು ಕಣ್ಣಿಗೆ ಕಂಡರೆ, ಕಿವಿಗೆ ಕೇಳಿಸಿದರೆ ಅದು ಭ್ರಮೆ. ಇಲ್ಲದ್ದನ್ನು ಇದೆಯೆಂದು ಅಲುಗಾಡದಂತೆ ನಂಬಿದರೆ ಅದು ಮಿಥ್ಯಾನಂಬಿಕೆ. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗದಲ್ಲಿ ಮಾತು, ನಡವಳಿಕೆ, ದಿನದ ಬದುಕು ಎಲ್ಲವೂ ಕದಡುತ್ತವೆ. ಮಿಥ್ಯಾನಂಬಿಕೆಯ ಕಾಯಿಲೆಯಲ್ಲಿ ಹಾಗಲ್ಲ. ಆ ಒಂದು ನಂಬಿಕೆಯನ್ನು ಬಿಟ್ಟರೆ ಮನುಷ್ಯ ನೆಟ್ಟಗಿರುತ್ತಾನೆ. ಮೇಷ್ಟ್ರು ಅಂದೂ ಪಾಠ ಮುಗಿಸಿಯೇ ಬಂದಿದ್ದರು. ಕಾಯಿಲೆ ಎನ್ನಬೇಕಾದರೆ ಇಂಥ ನಂಬಿಕೆ ಒಂದು ತಿಂಗಳಾದರೂ ಉಳಿದಿರಬೇಕು ಎನ್ನುತ್ತದೆ ಅಮೆರಿಕದ ಮನೋವೈದ್ಯರ ಕೈಪಿಡಿ. ಸಾವಿರಕ್ಕೆ ಸುಮಾರು ಇಬ್ಬರಿಗೆ ಬದುಕಿನಲ್ಲಿ ಎಂದಾದರೂ ಬರಬಹುದು ಎಂಬ ಅಂದಾಜಿದೆ. ಹಾಗೆಂದು ಊರೆಲ್ಲ ನಂಬುವುದನ್ನು ಒಬ್ಬ ನಂಬಿದರೆ ಅದು ಕಾಯಿಲೆಯಲ್ಲ. ಮಗುವಿಗೆ ದೃಷ್ಟಿ ತೆಗೆಯುವ ಅಜ್ಜಿಗೆ ಗುಳಿಗೆ ಬರೆದುಕೊಡುವ ವೈದ್ಯ ನಾನಲ್ಲ.

ಈ ಕಾಯಿಲೆಯಲ್ಲಿ ಹಲವು ಬಗೆ. ಮೇಷ್ಟ್ರದ್ದು ದೇಹಕ್ಕೆ ಸಂಬಂಧಿಸಿದ ಬಗೆ. ತನ್ನಲ್ಲಿ ಮಹಾಶಕ್ತಿಯಿದೆ, ಲೋಕಕ್ಕೆ ತಿಳಿಯುತ್ತಿಲ್ಲ ಎನ್ನುವ ದೊಡ್ಡಸ್ತಿಕೆಯ ಬಗೆಯೂ ಉಂಟು. ದೊಡ್ಡವರೊಬ್ಬರು ಗುಟ್ಟಾಗಿ ತನ್ನನ್ನು ಪ್ರೀತಿಸುತ್ತಿದ್ದಾರೆ ಎಂದು ನಂಬುವುದು ಇನ್ನೊಂದು. 1921ರಲ್ಲಿ ಫ್ರಾನ್ಸಿನ ಮನೋವೈದ್ಯ ಕ್ಲೆರಂಬೊ ಇಂಥ ಒಬ್ಬ ಹೆಂಗಸಿನ ಬಗ್ಗೆ ಬರೆದ. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್ ತನ್ನನ್ನು ಪ್ರೀತಿಸುತ್ತಾನೆಂದು ಆಕೆ ಲಂಡನ್ನಿಗೆ ಹೋಗಿ ಅರಮನೆಯ ಮುಂದೆ ನಿಲ್ಲುತ್ತಿದ್ದಳು. ಕಿಟಕಿಯ ಪರದೆ ಅಲುಗಿದರೆ, ಅದು ದೊರೆಯ ಸನ್ನೆ.

ಮನೆಗಳನ್ನು ಸುಡುವುದು ಮಾತ್ರ ಹೆಂಡತಿಯ ಮೇಲಿನ ಸಂಶಯ. ಷೇಕ್ಸ್‌ಪಿಯರನ ನಾಟಕದಲ್ಲಿ ಸಂಶಯಪಟ್ಟು ಹೆಂಡತಿಯನ್ನು ಕೊಂದ ಒಥೆಲೋನ ಹೆಸರಿನಲ್ಲಿ ಇದನ್ನು ಒಥೆಲೋ ಸಿಂಡ್ರೋಮ್ ಎನ್ನುತ್ತಾರೆ. ಹೆಂಗಸರಲ್ಲೂ ಇದೆ, ನಾನು ಹೆಚ್ಚು ಕಂಡದ್ದು ಗಂಡಸರಲ್ಲಿ, ಅದರಲ್ಲೂ ಕುಡಿತ ಹತ್ತಿಸಿಕೊಂಡವರಲ್ಲಿ. ಫೋನ್ ತಡಕುವುದು, ಬಟ್ಟೆ ಮೂಸುವುದು, ಹಾಲಿನವನು ಎಷ್ಟು ಹೊತ್ತು ನಿಂತ ಎಂದು ಲೆಕ್ಕ ಇಡುವುದು. ವಿಚಿತ್ರವೆಂದರೆ, ಹೆಂಡತಿಗೆ ನಿಜಕ್ಕೂ ಬೇರೆ ಸಂಬಂಧವಿದ್ದರೂ ಗಂಡನದು ಮಿಥ್ಯಾನಂಬಿಕೆಯೇ ಆಗಿರಬಹುದು. ನಾವು ನೋಡುವುದು ಆತ ಆ ತೀರ್ಮಾನಕ್ಕೆ ಬಂದ ದಾರಿಯನ್ನು. "ಬಾಗಿಲ ಚಿಲಕ ಎಡಕ್ಕೆ ತಿರುಗಿತ್ತು, ಅದಕ್ಕೇ ಗೊತ್ತಾಯ್ತು" ಎನ್ನುವ ದಾರಿ.

ಅಕ್ಕತಂಗಿಯರೇ, ಜಗಳ ಮುಗಿಯಲಿ ಎಂದು ಮಾಡದ ತಪ್ಪನ್ನು ಒಪ್ಪಿಕೊಳ್ಳಬೇಡಿ. ಒಪ್ಪಿಕೊಂಡ ಮರುಕ್ಷಣ "ಇನ್ನೂ ಯಾರ್ಯಾರು?" ಎಂಬ ಪ್ರಶ್ನೆ ಬರುತ್ತದೆ. ಕೈ ಎತ್ತುತ್ತಾನೆ ಅಥವಾ ಕೊಲ್ಲುತ್ತೇನೆ ಅನ್ನುತ್ತಾನೆ ಎಂದಾದರೆ ಮೊದಲು ಮಕ್ಕಳೊಂದಿಗೆ ಸುರಕ್ಷಿತ ಜಾಗಕ್ಕೆ ಹೋಗಿ, ಚಿಕಿತ್ಸೆಯ ಮಾತು ಆಮೇಲೆ.

ಎಲ್ಲಕ್ಕಿಂತ ಹೆಚ್ಚು ಕಾಣುವುದು, ತನಗೆ ಯಾರೋ ಕೇಡು ಬಗೆಯುತ್ತಿದ್ದಾರೆ ಎನ್ನುವ ಬಗೆ. ಊಟದಲ್ಲಿ ಏನೋ ಬೆರೆಸುತ್ತಾರೆ ಎಂಬ ಅನುಮಾನ ಬಂದವನಿಗೆ ಮನೆಯವರು ಏನು ಮಾಡುತ್ತಾರೆ ಹೇಳಿ? ಮಾತ್ರೆ ಪುಡಿ ಮಾಡಿ ಸಾರಿನಲ್ಲಿ ಕಲಸುತ್ತಾರೆ! ಒಂದು ದಿನ ಸಿಕ್ಕಿಬಿದ್ದರೆ ಅವನ ಅನುಮಾನವೇ ನಿಜವಾಯಿತಲ್ಲ. ಅವರ ಸಂಕಟ ನನಗೆ ಅರ್ಥವಾಗುತ್ತದೆ, ಆದರೂ ಬೇಡ.

ವಾದ ಮಾಡಬೇಡಿ, ಹೌದೆಂದು ತಲೆಯಾಡಿಸಲೂ ಬೇಡಿ. ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಮೈ ಸೊರಗಿದೆ ಎಂಬ ಎಳೆ ಹಿಡಿದು ಡಾಕ್ಟರ ಹತ್ತಿರ ಕರೆತನ್ನಿ. ಅದು ಸುಳ್ಳೂ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮನೆಯವರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಮೇಷ್ಟ್ರ ಜೊತೆ ನಾನು ಹುಳುವಿನ ಮಾತೇ ಎತ್ತಲಿಲ್ಲ. ರಕ್ತ, ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿದೆ, ತುರಿಕೆಯಿಂದ ನಿದ್ದೆ ಕೆಟ್ಟಿದೆಯಲ್ಲ ಎಂದೆ. ಮಾತ್ರೆಯ ಹೆಸರನ್ನೂ, ಅದನ್ನು ಮನೋವೈದ್ಯರು ಕೊಡುತ್ತಾರೆ ಎಂಬುದನ್ನೂ ಮುಚ್ಚಿಡದೆ ಹೇಳಿ, ಸಣ್ಣ ಪ್ರಮಾಣದಲ್ಲಿ ಶುರುಮಾಡಿದೆ. ಮೂರನೇ ತಿಂಗಳು ಬಂದಾಗ ಪೊಟ್ಟಣ ತಂದಿರಲಿಲ್ಲ.

"ಹುಳ ಎಲ್ಲಾ ಹೋದ್ವು ಡಾಕ್ಟ್ರೇ" ಅಂದರು. ನಾನು ತಿದ್ದಲಿಲ್ಲ. ಮಾತ್ರೆ ನಿಲ್ಲಿಸಬೇಡಿ ಎಂದಷ್ಟೇ ಹೇಳಿದೆ.

ನಮಸ್ಕಾರ.