ಎಡಗಡೆಯ ಕಿಟಕಿಯನ್ನು ಮುಚ್ಚಬೇಡಿ: ಓಪನ್‌ಎಸ್‌ಎಸ್‌ಎಚ್ ಅನ್ನು ಸೋರ್ಸ್ ಕೋಡ್‌ನಿಂದ ಕಟ್ಟುವುದು

ಪರದೆಯ ಎಡಗಡೆ ಕಾಣುತ್ತಿರುವ ಕಪ್ಪು ಕಿಟಕಿಯನ್ನು ಇವತ್ತಿನ ಕೆಲಸ ಮುಗಿಯುವವರೆಗೂ ನಾನು ಮುಚ್ಚುವುದಿಲ್ಲ. ಊರಿನ ಮನೆಯಲ್ಲಿ ಹಗಲೂ ರಾತ್ರಿ ಓಡುತ್ತಿರುವ ಹಳೆಯ ಲಿನಕ್ಸ್ ಕಂಪ್ಯೂಟರಿಗೆ ಬೆಂಗಳೂರಿನ ಈ ಕೋಣೆಯಿಂದ ನಾನು ಮಾಡಿರುವ ಲಾಗಿನ್ ಅದು. ಇವತ್ತು ಬದಲಾಯಿಸಲು ಹೊರಟಿರುವುದು ಆ ಲಾಗಿನ್‌ಗೆ ದಾರಿ ಮಾಡಿಕೊಟ್ಟಿರುವ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶವನ್ನೇ ಆದ್ದರಿಂದ, ಎಚ್ಚರ ತಪ್ಪಿದರೆ ಕುಳಿತ ಕೊಂಬೆಯನ್ನೇ ಕಡಿದುಕೊಂಡ ಹಾಗಾಗುತ್ತದೆ. ಆಮೇಲೆ ಬಸ್ಸು ಹತ್ತಿ ಊರಿಗೆ ಹೋಗಿ ಆ ಯಂತ್ರಕ್ಕೆ ಕೀಬೋರ್ಡು ಜೋಡಿಸದೆ ಬೇರೆ ದಾರಿ ಇರುವುದಿಲ್ಲ.

ಸಿದ್ಧ ಪ್ಯಾಕೇಜು ಸಿಗುತ್ತಿರುವಾಗ ಈ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಬಹುಪಾಲು ಜನರಿಗೆ ಇದು ಬೇಡ ಎಂಬುದೇ ನನ್ನ ಅಭಿಪ್ರಾಯ. ಬೆಂಬಲವಿರುವ ಲಿನಕ್ಸ್ ವಿತರಣೆಗಳು ಆವೃತ್ತಿಯ ಸಂಖ್ಯೆಯನ್ನು ಬದಲಿಸದೆಯೇ ಭದ್ರತೆಯ ತಿದ್ದುಪಡಿಗಳನ್ನು ಹಳೆಯ ಆವೃತ್ತಿಗೆ ಸೇರಿಸಿ ಕೊಡುತ್ತವೆ. ನನ್ನ ಯಂತ್ರದ ವಿತರಣೆಗಾದರೋ ಬೆಂಬಲ ಎಂದೋ ಮುಗಿದಿದೆ, ಮತ್ತು ಅದರಲ್ಲಿರುವುದು ಓಪನ್‌ಎಸ್‌ಎಸ್‌ಎಚ್‌ನ 8.7ನೇ ಆವೃತ್ತಿ. 2024ರ ಜುಲೈ 1ರಂದು ಕ್ವಾಲಿಸ್ ಎಂಬ ಭದ್ರತಾ ಸಂಸ್ಥೆ ಬಹಿರಂಗಪಡಿಸಿದ ದೋಷವು 8.5ರಿಂದ 9.7ರವರೆಗಿನ ಆವೃತ್ತಿಗಳನ್ನು ತಟ್ಟಿತ್ತು. ಲಾಗಿನ್ ಮಾಡಲು ಬಂದವರು 120 ಸೆಕೆಂಡುಗಳ ಗಡುವಿನೊಳಗೆ ತಮ್ಮ ಗುರುತನ್ನು ಸಾಬೀತುಪಡಿಸದಿದ್ದರೆ ಸರ್ವರ್‌ನೊಳಗೆ ಒಂದು ಸಿಗ್ನಲ್ ಹೊರಡುತ್ತದೆ. ಅದನ್ನು ನಿಭಾಯಿಸುವ ಕೋಡ್, ಆ ಗಳಿಗೆಯಲ್ಲಿ ಕರೆಯಬಾರದ ಫಂಕ್ಷನ್‌ಗಳನ್ನು ಕರೆಯುತ್ತಿತ್ತು. 2006ರಲ್ಲಿ ಒಮ್ಮೆ ಮುಚ್ಚಿದ್ದ ತೂತೇ ಹೀಗೆ ಮತ್ತೆ ತೆರೆದುಕೊಂಡಿತ್ತು.

1995ರಲ್ಲಿ ಫಿನ್ಲೆಂಡಿನ ತಾತು ಯ್ಲೋನೆನ್ ಮೊದಲ ಎಸ್‌ಎಸ್‌ಎಚ್ ಅನ್ನು ಬರೆದದ್ದು ಪಾಸ್‌ವರ್ಡುಗಳು ಜಾಲದಲ್ಲಿ ಬಿಚ್ಚಿಟ್ಟಂತೆ ಹರಿದಾಡುತ್ತಿದ್ದ ಟೆಲ್ನೆಟ್ ಕಾಲದಲ್ಲಿ. 1999ರಲ್ಲಿ ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯ ತಂಡ ಅದರದೊಂದು ಹಳೆಯ, ಮುಕ್ತವಾದ ಆವೃತ್ತಿಯಿಂದ ಓಪನ್‌ಎಸ್‌ಎಸ್‌ಎಚ್ ಅನ್ನು ಬೆಳೆಸಿತು. ಲಿನಕ್ಸ್‌ನಲ್ಲಿ ಕಟ್ಟಲು ನಮಗೆ ಬೇಕಾದದ್ದು ಸಂಖ್ಯೆಯ ಕೊನೆಯಲ್ಲಿ ಪಿ ಅಕ್ಷರವಿರುವ 'ಪೋರ್ಟಬಲ್' ಕಡತ. ನಾನು ಇಳಿಸಿಕೊಂಡಿರುವುದು 10.0 ಆವೃತ್ತಿಯದು.

ಕಡತವನ್ನು ಬಿಚ್ಚುವ ಮೊದಲು ಅದರ ಸಹಿಯನ್ನೂ ಕಡತದ ಬೆರಳಚ್ಚಿನಂತಿರುವ ಶಾ256 ಮೊತ್ತವನ್ನೂ ಪರಿಶೀಲಿಸಬೇಕು. ಇಲ್ಲಿ ನಾನು ಒಮ್ಮೆ ಅರ್ಧ ಗಂಟೆ ಕಳೆದುಕೊಂಡಿದ್ದೇನೆ. ಬಿಡುಗಡೆಯ ಪ್ರಕಟಣೆಯಲ್ಲಿ ಕೊಡುವ ಶಾ256 ಮೊತ್ತವು ಬೇಸ್64 ರೂಪದಲ್ಲಿರುತ್ತದೆ. ನಮ್ಮ ಯಂತ್ರದ ಆಜ್ಞೆ ತೋರಿಸುವುದು ಹೆಕ್ಸಾಡೆಸಿಮಲ್ ರೂಪವನ್ನು. ಎರಡೂ ಹೊಂದುತ್ತಿಲ್ಲವೆಂದು ಒಳ್ಳೆಯ ಕಡತವನ್ನು ಮೂರು ಸಲ ಇಳಿಸಿಕೊಂಡಿದ್ದೆ.

ಆದರೆ ಸಹಿ ಹೇಳುವುದು ಕಡತ ಯಾರ ಕೈಯಿಂದ ಬಂತು ಎಂಬುದನ್ನು ಮಾತ್ರ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಂಕೋಚನ ತಂತ್ರಾಂಶದ ಬಿಡುಗಡೆ ಕಡತಗಳಲ್ಲಿ ಹಿಂಬಾಗಿಲು ಸಿಕ್ಕಿತಲ್ಲ, ಅದನ್ನು ಅಡಗಿಸಿದ್ದು ಆ ಯೋಜನೆಯನ್ನು ನೋಡಿಕೊಳ್ಳುತ್ತಿದ್ದವರ ಪೈಕಿಯೇ ಒಬ್ಬರು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನು ಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಕಂಡುಹಿಡಿದರು. ಎಕ್ಸ್‌ಝಡ್‌ಗೂ ಎಸ್‌ಎಸ್‌ಎಚ್‌ಗೂ ನೇರ ನೆಂಟಸ್ತಿಕೆಯೇ ಇಲ್ಲ. ಕೆಲವು ವಿತರಣೆಗಳು ಎಸ್‌ಎಸ್‌ಎಚ್ ಸರ್ವರ್‌ಗೆ, ಲಿನಕ್ಸ್‌ನಲ್ಲಿ ಸೇವೆಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿಯ ಲೈಬ್ರರಿಯನ್ನು ತಾವಾಗಿ ಜೋಡಿಸಿದ್ದವು, ಆ ಲೈಬ್ರರಿ ಎಕ್ಸ್‌ಝಡ್‌ನ ಲೈಬ್ರರಿಯನ್ನು ತನ್ನ ಜೊತೆಗೆ ಎಳೆದು ತರುತ್ತಿತ್ತು. ಮೂಲ ತಂಡದ ಕೋಡ್‌ನಲ್ಲಿ ಈ ಜೋಡಣೆ ಇರಲಿಲ್ಲ. ಸ್ವಂತವಾಗಿ ಕಟ್ಟುವುದರಲ್ಲಿ ನನಗೆ ಕಾಣುವ ದೊಡ್ಡ ಲಾಭ ಇದೇ: ಒಳಗೆ ಯಾರು ಯಾರು ಬಂದು ಕೂರುತ್ತಾರೆ ಎಂಬುದನ್ನು ನಾವೇ ತೀರ್ಮಾನಿಸಬಹುದು.

ಆ ತೀರ್ಮಾನ ನಡೆಯುವುದು, ಕಟ್ಟುವ ಮೊದಲು ಏನೇನು ಬೇಕೆಂದು ಆರಿಸುವ ಕಾನ್ಫಿಗರ್ ಹಂತದಲ್ಲಿ. ಈ ಯಂತ್ರದಲ್ಲಿರುವ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಯ 1.1.1 ಆವೃತ್ತಿಗೆ 2023ರ ಸೆಪ್ಟೆಂಬರ್‌ನಲ್ಲೇ ಸಾರ್ವಜನಿಕ ಬೆಂಬಲ ನಿಂತಿದೆ. ಹೊಸ ಮನೆಗೆ ಗೆದ್ದಲು ಹಿಡಿದ ತೊಲೆ ಏಕೆ ಎಂದುಕೊಂಡು, ಓಪನ್‌ಎಸ್‌ಎಸ್‌ಎಲ್ ಇಲ್ಲದೆಯೇ ಕಟ್ಟುವ ಆಯ್ಕೆಯನ್ನು ನಾನು ಕೊಟ್ಟಿದ್ದೇನೆ. ಆಗ ಗುರುತು ತೋರಿಸಲು ಬಳಸುವ ಕೀಲಿಗಳಲ್ಲಿ ಆರ್‌ಎಸ್‌ಎ ಮತ್ತು ಇಸಿಡಿಎಸ್‌ಎ ಬಗೆಯವು ಕೆಲಸ ಮಾಡುವುದಿಲ್ಲ; ಇಡಿ25519 ಕೀಲಿಗಳು ಮತ್ತು ಚಾಚಾ20 ಗೂಢಲಿಪಿ ಓಪನ್‌ಎಸ್‌ಎಸ್‌ಎಚ್‌ನ ಒಳಗೇ ಇರುವುದರಿಂದ ನನಗೆ ಅಷ್ಟು ಸಾಕು. ಸಂಕೋಚನಕ್ಕೆ ಬೇಕಾದ ಜ಼ಡ್‌ಲಿಬ್ ಮತ್ತು ಲಾಗಿನ್‌ನಲ್ಲಿ ಗುರುತು ಪರಿಶೀಲಿಸುವ ಲಿನಕ್ಸ್ ವ್ಯವಸ್ಥೆಯಾದ ಪ್ಯಾಮ್‌ನ ಡೆವಲಪ್‌ಮೆಂಟ್ ಪ್ಯಾಕೇಜುಗಳು ಮೊದಲೇ ಇರಬೇಕು. ಪ್ಯಾಮ್ ಬೇಡವೆಂದು ಬಿಡುವವರು ಒಂದು ಮಾತು ನೆನಪಿಡಿ: ಪಾಸ್‌ವರ್ಡು ಬೀಗ ಹಾಕಿರುವ ಖಾತೆಗಳನ್ನು, ಕೀಲಿ ಸರಿಯಾಗಿದ್ದರೂ, ಪ್ಯಾಮ್ ಬಳಸದ ಸರ್ವರ್ ಲಿನಕ್ಸ್‌ನಲ್ಲಿ ಒಳಗೆ ಬಿಡುವುದಿಲ್ಲ. ಕೀಲಿಯಿಂದ ಮಾತ್ರ ಬರುವ ಖಾತೆಗಳಿಗೆ ಹೀಗೆ ಬೀಗ ಹಾಕಿಡುವುದು ಸಾಮಾನ್ಯವಾದ್ದರಿಂದ ಇದು ಒಳ್ಳೆಯ ಬೋನು.

ಅನುಸ್ಥಾಪಿಸುವ ಜಾಗವನ್ನು ಆಪ್ಟ್ (/opt) ಡೈರೆಕ್ಟರಿಯೊಳಗೆ ಪ್ರತ್ಯೇಕವಾಗಿ ಇಟ್ಟಿದ್ದೇನೆ. ಕಾರಣವನ್ನು ಆಮೇಲೆ ಹೇಳುತ್ತೇನೆ. ಕಟ್ಟುವ ಆಜ್ಞೆಯಾದ ಮೇಕ್ ಕೊಟ್ಟೆ, ಮುಗಿಯಿತು. ಕಟ್ಟಿದ್ದನ್ನು ಪರೀಕ್ಷಿಸುವ ಮೇಕ್ ಟೆಸ್ಟ್ಸ್ ಮಾತ್ರ ಬಹಳ ಹೊತ್ತು ಓಡುತ್ತದೆ. ಕಾಫಿ ಮಾಡಿಕೊಂಡು ಬರಲು ಸಮಯವಿದೆ.

ಸರ್ವರ್ ಎದ್ದು ನಿಲ್ಲಲು ಇನ್ನೂ ಎರಡು ಬೇಕು: ಯಾವ ಅಧಿಕಾರವೂ ಇಲ್ಲದ ಎಸ್‌ಎಸ್‌ಎಚ್‌ಡಿ ಎಂಬ ಬಳಕೆದಾರ, ಮತ್ತು ಸರ್ವಾಧಿಕಾರವುಳ್ಳ ರೂಟ್ ಖಾತೆಯ ಒಡೆತನದಲ್ಲಿದ್ದು ಬೇರೆಯವರಾರೂ ಬರೆಯಲಾಗದ ಒಂದು ಖಾಲಿ ಡೈರೆಕ್ಟರಿ. ಗುರುತು ಸಾಬೀತಾಗದವರೊಡನೆ ಮಾತನಾಡುವ ಪ್ರಕ್ರಿಯೆಯನ್ನು ಆ ಖಾಲಿ ಕೋಣೆಯಲ್ಲಿ ಕೂಡಿಹಾಕಲಾಗುತ್ತದೆ, ಹಾಗಾಗಿ ಅದನ್ನು ಯಾರಾದರೂ ವಶಪಡಿಸಿಕೊಂಡರೂ ಕೈಗೆ ಸಿಗುವುದು ಬಹಳ ಕಡಿಮೆ. 9.8ರಲ್ಲಿ ಪ್ರತಿ ಸೆಷನ್ನಿನ ಕೆಲಸವನ್ನೂ 10.0ರಲ್ಲಿ ಗುರುತು ಪರಿಶೀಲನೆಯ ಕೆಲಸವನ್ನೂ ಬೇರೆ ಬೇರೆ ಪ್ರೋಗ್ರಾಮುಗಳಾಗಿಯೇ ಒಡೆದಿದ್ದಾರೆ.

ಹಿಂದೊಮ್ಮೆ ನಾನು ಮುಗ್ಗರಿಸಿದ್ದು ಈ ಒಡೆದ ಜಾಗದಲ್ಲಿಯೇ. ಆಗ ಬೇರೊಂದು ಯಂತ್ರದಲ್ಲಿ ಹಳೆಯ ಸರ್ವರ್ ಓಡುತ್ತಿರುವಾಗಲೇ ಅದೇ ಜಾಗದ ಮೇಲೆ 9.8 ಅನ್ನು ಅನುಸ್ಥಾಪಿಸಿದ್ದೆ. ಓಡುತ್ತಿರುವ ಸರ್ವರ್ ಪ್ರತಿ ಹೊಸ ಸಂಪರ್ಕಕ್ಕೂ ಡಿಸ್ಕಿನಲ್ಲಿರುವ ತನ್ನ ಕಡತವನ್ನೇ ಮತ್ತೆ ಚಲಾಯಿಸುತ್ತದೆ. ಅಲ್ಲಿ ಈಗ ಹಳಬನ ರೀತಿ ತಿಳಿಯದ ಹೊಸಬ ಕುಳಿತಿದ್ದ, ಆದ್ದರಿಂದ ಒಂದೊಂದು ಹೊಸ ಸಂಪರ್ಕವೂ ಕಡಿದುಬಿತ್ತು. ಮೊದಲೇ ತೆರೆದಿದ್ದ ಒಂದು ಕಿಟಕಿ ಮಾತ್ರ ಜೀವಂತವಾಗಿತ್ತು, ಅದರಿಂದಲೇ ಸರ್ವೀಸನ್ನು ರೀಸ್ಟಾರ್ಟ್ ಮಾಡಿ ಬಚಾವಾದೆ. ಎಡಗಡೆಯ ಕಿಟಕಿಯ ಬಗ್ಗೆ ಇಷ್ಟು ಹಟ ಹಿಡಿದಿರುವುದೂ ಆಪ್ಟ್‌ನೊಳಗೆ ಬೇರೆ ಜಾಗ ಮಾಡಿರುವುದೂ ಅದಕ್ಕಾಗಿಯೇ.

ಅನುಸ್ಥಾಪಿಸುವ ಆಜ್ಞೆಯಾದ ಮೇಕ್ ಇನ್‌ಸ್ಟಾಲ್, ಯಂತ್ರದ ಗುರುತಾದ ಹೋಸ್ಟ್ ಕೀಲಿಗಳನ್ನು ಹೊಸದಾಗಿ ತಾನೇ ಹುಟ್ಟಿಸುತ್ತದೆ. ಅವುಗಳನ್ನೇ ಉಳಿಸಿಕೊಂಡರೆ ನಾಳೆ ಎಸ್‌ಎಸ್‌ಎಚ್‌ನ ಎಂದಿನ 22ನೇ ಪೋರ್ಟಿಗೆ ಬಂದಾಗ ನನ್ನ ಲ್ಯಾಪ್‌ಟಾಪ್ 'ಯಂತ್ರದ ಗುರುತು ಬದಲಾಗಿದೆ' ಎಂದು ಕೂಗಿಕೊಳ್ಳುತ್ತದೆ, ಆದ್ದರಿಂದ ಹಳೆಯ ಇಡಿ25519 ಹೋಸ್ಟ್ ಕೀಲಿಯನ್ನು ಇಲ್ಲಿಗೆ ನಕಲು ಮಾಡಿದ್ದೇನೆ. ಹೊಸ ಸರ್ವರ್‌ಗೆ ಮೈನಸ್ ಟಿ (-t) ಆಯ್ಕೆ ಕೊಟ್ಟು ಸಂರಚನೆಯನ್ನು ಪರೀಕ್ಷಿಸಿದೆ, ಮೌನವೇ ಒಪ್ಪಿಗೆ. ಈಗ ಪೂರ್ಣ ಪಾಥ್ ಕೊಟ್ಟು 2222ನೇ ಪೋರ್ಟಿನಲ್ಲಿ ಎಬ್ಬಿಸುತ್ತೇನೆ, ಫೈರ್‌ವಾಲ್‌ನಲ್ಲಿ ಆ ಪೋರ್ಟನ್ನು ತೆರೆದಾಗಿದೆ. ಬಲಗಡೆಯ ಹೊಸ ಕಿಟಕಿಯಿಂದ ಬರುತ್ತಿದ್ದೇನೆ. ಬಂತು, ಎದುರು ಬದಿಯಲ್ಲಿ 10.0 ಎಂದೇ ತೋರಿಸುತ್ತಿದೆ.

ಉಳಿದದ್ದು ಅದಲುಬದಲು. ಹೊಸದಕ್ಕೆ ಬೇರೆ ಸಿಸ್ಟಮ್‌ಡಿ ಯೂನಿಟ್ (ಸೇವೆಯನ್ನು ಹೇಗೆ ಎಬ್ಬಿಸಬೇಕೆಂದು ಹೇಳುವ ಕಡತ) ಬರೆದು 22ನೇ ಪೋರ್ಟನ್ನು ಕೊಟ್ಟೆ, ಹಳೆಯದನ್ನು 2222ಕ್ಕೆ ಸರಿಸಿದೆ. ನಾನು ಸಿದ್ಧನಾಗಿದ್ದೇನೆ ಎಂದು ಸಿಸ್ಟಮ್‌ಡಿಗೆ ತಿಳಿಸುವ ವ್ಯವಸ್ಥೆ 9.8ರಿಂದೀಚೆಗೆ ಓಪನ್‌ಎಸ್‌ಎಸ್‌ಎಚ್‌ನಲ್ಲೇ ಇರುವುದರಿಂದ ಯೂನಿಟ್‌ನ ಬಗೆಯನ್ನು ನೋಟಿಫೈ ಎಂದು ಇಡಬಹುದು. ಇನ್ನು ಮುಂದೆ ಪ್ರತಿ ಬಿಡುಗಡೆಯ ಪ್ರಕಟಣೆಯನ್ನು ಓದಿ ಮತ್ತೆ ಕಟ್ಟುವ ಹೊಣೆ ನನ್ನದೇ.

ಹೊಸ ಯೂನಿಟ್ ತಾನಾಗಿ ಏಳುತ್ತದೆಯೇ ಎಂಬುದನ್ನು ತಿಳಿಯಲು ನಾನು ರೀಬೂಟ್ ಮಾಡಬೇಕಾಗಿಲ್ಲ. ಊರಿನಲ್ಲಿ ಈ ವಾರ ಒಮ್ಮೆಯಾದರೂ ಕರೆಂಟು ಹೋಗುತ್ತದೆ. ಅಲ್ಲಿಯವರೆಗೆ ಹಳೆಯ ಸರ್ವರ್ 2222ರಲ್ಲೇ ಇರಲಿ. ಎಡಗಡೆಯ ಕಿಟಕಿಯನ್ನು ಈಗ ಮುಚ್ಚುತ್ತಿದ್ದೇನೆ.