ಕುದುರೆಯ ರಕ್ತ, ರೈತನ ಕಾಲು

ಎಲ್ಲರಿಗೂ ನಮಸ್ಕಾರ. ಔಷಧಿಗಾಗಿ ಪ್ರಾಣಿಗಳನ್ನು ಬಳಸುವುದು ಸರಿಯೋ ತಪ್ಪೋ ಎಂಬ ಬಗ್ಗೆ ಮಾತಾಡಿ ಅಂತ ನಿಮ್ಮ ಮೇಷ್ಟ್ರು ಕರೆದಿದ್ದಾರೆ. ನಾನು ತಾಲ್ಲೂಕು ಆಸ್ಪತ್ರೆಗಳಲ್ಲೇ ಸವೆದು ರಿಟೈರ್ ಆದ ಡಾಕ್ಟರ್. ನನಗೆ ಚೆನ್ನಾಗಿ ಗೊತ್ತಿರುವುದು ಒಂದು ಔಷಧಿಯ ಕಥೆ, ಅದನ್ನೇ ಹೇಳುತ್ತೇನೆ. ಹಾವು ಕಚ್ಚಿದಾಗ ಕೊಡುತ್ತೇವಲ್ಲ, ಎಎಸ್‌ವಿ, ಅದು.

ಒಂದು ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗಿದ್ದ ಹುಡುಗನನ್ನು ಕರೆತಂದರು. ಕಚ್ಚಿದ್ದು ಕೊಳಕುಮಂಡಲ. ಕಾಲು ಊದಿತ್ತು, ಒಸಡಿನಲ್ಲಿ ರಕ್ತ ಜಿನುಗುತ್ತಿತ್ತು. ಇಂಥವರ ರಕ್ತವನ್ನು ಒಂದಿಷ್ಟು ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತೇವೆ, ಹೆಪ್ಪುಗಟ್ಟಲಿಲ್ಲ ಅಂದರೆ ವಿಷ ಏರಿದೆ ಎಂದು ಲೆಕ್ಕ. ಅವನದು ನೀರಿನ ಹಾಗೇ ಇತ್ತು. 10 ವಯಲ್, ಅಂದರೆ 10 ಸೀಸೆ ಎಎಸ್‌ವಿ ಹಾಕಿದೆವು. ಆರು ಗಂಟೆ ಬಿಟ್ಟು ನೋಡಿದರೆ ಮತ್ತೆ ಅದೇ ಕಥೆ. ಇನ್ನೂ 10 ಹಾಕಿದೆವು. ಬೆಳಗಿನ ಹೊತ್ತಿಗೆ ರಕ್ತ ಹೆಪ್ಪುಗಟ್ಟಿತು. ಅವನ ತಾಯಿ "ನೀವೇ ನಮ್ಮ ಪಾಲಿನ ದೇವ್ರು ಸ್ವಾಮಿ" ಅಂತ ಕೈಮುಗಿದರು. "ಉಳಿಸಿದ್ದು ನಾನಲ್ಲಮ್ಮ, ಕುದುರೆ" ಅಂದೆ. ನಿದ್ದೆಗೆಟ್ಟು ಏನೋ ಬಡಬಡಿಸುತ್ತಿದ್ದಾನೆ ಅಂದುಕೊಂಡಿರಬೇಕು, ಸುಮ್ನೆ ನೋಡಿದರು.

ನಿಜಕ್ಕೂ ಅದು ಕುದುರೆಯದ್ದೇ. ತಮಿಳುನಾಡಿನ ವಡನೆಮ್ಮೇಲಿಯಲ್ಲಿ ಹಾವು ಹಿಡಿಯುವುದರಲ್ಲಿ ಪಳಗಿದ ಇರುಳ ಬುಡಕಟ್ಟಿನವರ ಸಹಕಾರ ಸಂಘ ಇದೆ, 1978ರಲ್ಲಿ ಶುರುವಾದದ್ದು. ಅವರು ಹಾವು ಹಿಡಿದು ತಂದು, ಕೆಲವು ವಾರ ಇಟ್ಟುಕೊಂಡು ವಿಷ ತೆಗೆದು, ವಾಪಸ್ ಕಾಡಿಗೆ ಬಿಡುತ್ತಾರೆ. ಆ ವಿಷವನ್ನು ಔಷಧಿ ಕಂಪನಿಯವರು ಕುದುರೆಗೋ ಹೇಸರಗತ್ತೆಗೋ ಮೊದಲು ತೀರಾ ಕಮ್ಮಿ ಚುಚ್ಚಿ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗುತ್ತಾರೆ. ಪ್ರಾಣಿಯ ಮೈ ವಿಷವನ್ನು ತಡೆಯುವ ಪ್ರತಿಕಾಯ ತಯಾರಿಸಿಕೊಳ್ಳುತ್ತದೆ. ಆಮೇಲೆ ಕುತ್ತಿಗೆಯ ರಕ್ತನಾಳದಿಂದ ರಕ್ತ ತೆಗೆದು, ಪ್ಲಾಸ್ಮಾ ಬೇರೆ ಮಾಡಿ, ಶುದ್ಧ ಮಾಡಿ, ಒಣಗಿಸಿ ಪುಡಿ ಮಾಡಿ ಸೀಸೆಗೆ ತುಂಬುತ್ತಾರೆ. 1890ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಹಾಕಿಕೊಟ್ಟ ದಾರಿ ಇದು. ಇವತ್ತಿಗೂ ಮೂಲದಲ್ಲಿ ಅಷ್ಟೇನೂ ಬದಲಾಗಿಲ್ಲ.

ಕುದುರೆ ಸಾಯುವುದಿಲ್ಲವಲ್ಲ, ಏನೀಗ ಅನ್ನಬಹುದು. ಚುಚ್ಚಿದ ಜಾಗ ಬಾತುಕೊಂಡು ಕೀವಾಗಬಹುದು. ಪದೇ ಪದೇ ರಕ್ತ ತೆಗೆದರೆ ರಕ್ತಹೀನತೆ ಬರುತ್ತದೆ. ಚೆನ್ನಾಗಿ ನೋಡಿಕೊಳ್ಳುವ ಕಡೆ ಕೆಂಪು ರಕ್ತಕಣಗಳನ್ನು ಮತ್ತೆ ಅದಕ್ಕೇ ಏರಿಸುತ್ತಾರೆ, ಮಧ್ಯೆ ಸಾಕಷ್ಟು ಬಿಡುವು ಕೊಡುತ್ತಾರೆ. ನೋಡಿಕೊಳ್ಳದ ಕಡೆ ಏನಾಗುತ್ತದೆ ಅನ್ನುವುದನ್ನು ನೀವೇ ಊಹಿಸಿಕೊಳ್ಳಿ.

ಸಾಯುವುದು ಇಲಿ. ಒಂದು ಮಿಲಿ ಎಎಸ್‌ವಿ 0.6 ಮಿಲಿಗ್ರಾಂ ಕೊಳಕುಮಂಡಲದ ವಿಷವನ್ನು ತಡೆಯಬೇಕು ಅಂತ ನಿಯಮ. ತಡೆಯುತ್ತದೋ ಇಲ್ಲವೋ ಅಂತ ನೋಡಲು ವಿಷ ಮತ್ತು ಔಷಧಿ ಬೆರೆಸಿ ಬಿಳಿ ಇಲಿಗಳಿಗೆ ಚುಚ್ಚಿ, ಎಷ್ಟು ಉಳಿದವು, ಎಷ್ಟು ಹೋದವು ಅಂತ ಎಣಿಸುತ್ತಾರೆ. ಇದು ಒಂದು ಸಲ ಮಾಡಿ ಮುಗಿಸುವ ಪ್ರಯೋಗ ಅಲ್ಲ, ಹೊಸ ಬ್ಯಾಚ್ ಬಂದಾಗಲೆಲ್ಲ ಮಾಡಬೇಕು. ಕುದುರೆಗೆ ಮರುಗುವವರು ತುಂಬಾ ಜನ ಸಿಗುತ್ತಾರೆ. ಇಲಿಯ ಪರವಾಗಿ ಮಾತಾಡುವವರು ಕಮ್ಮಿ, ಅಲ್ವಾ?

ಹಾಗಂತ ನಿಲ್ಲಿಸಿಬಿಡೋಣ ಅನ್ನಲು ನನಗೆ ಬಾಯಿ ಬರುವುದಿಲ್ಲ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ ಒಂದು ದೊಡ್ಡ ಅಧ್ಯಯನದ ಅಂದಾಜು, ವರ್ಷಕ್ಕೆ ಸರಾಸರಿ 58,000. ಹೆಚ್ಚಿನವರು ಹಳ್ಳಿಯವರು, ಹೊಲದಲ್ಲಿ ದುಡಿಯುವವರು. ಲಿಪ್‌ಸ್ಟಿಕ್ಕು, ಶಾಂಪೂಗಾಗಿ ಪ್ರಾಣಿ ಪ್ರಯೋಗವನ್ನು 2014ರಲ್ಲಿ ನಮ್ಮ ದೇಶ ನಿಷೇಧಿಸಿತು, ಒಳ್ಳೆಯದಾಯಿತು, ಅದರಲ್ಲಿ ಚರ್ಚೆಯೇ ಬೇಡ. ಇದು ಹಾಗಲ್ಲ. ನನ್ನ ಮಗಳು ಹಾಲು ಕೂಡ ಬಿಟ್ಟವಳು. "ನಿನಗೆ ಹಾವು ಕಚ್ಚಿದರೆ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಇಂಜೆಕ್ಷನ್ ತಗೋತೀನಿ ಅಪ್ಪ, ಆದರೆ ಸರಿ ಅಂತ ವಾದ ಮಾಡಲ್ಲ" ಅಂದಳು. ನಾನೂ ಹೆಚ್ಚುಕಡಿಮೆ ಅಲ್ಲೇ ನಿಂತಿದ್ದೇನೆ.

ಆದರೆ ನನಗೆ ಸಿಟ್ಟು ಬರುವುದು ಬೇರೆ ಕಡೆ. ಕೊಳಕುಮಂಡಲ ಒಂದು ಸಲ ಕಚ್ಚಿದರೆ ಸರಾಸರಿ 63 ಮಿಲಿಗ್ರಾಂ ವಿಷ ಬಿಡುತ್ತದೆ ಅನ್ನುವುದು ನಾವೆಲ್ಲ ಕಲಿತ ಲೆಕ್ಕ. ಒಂದು ವಯಲ್‌ನಲ್ಲಿ 10 ಮಿಲಿ, ಅಂದರೆ 6 ಮಿಲಿಗ್ರಾಂ ವಿಷಕ್ಕೆ ಸಾಕು. ಹಾಗಾಗಿ ಮೊದಲಿಗೇ 10 ವಯಲ್. ಆದರೆ ಒಂದೇ ಜಾತಿಯ ಹಾವಿನ ವಿಷ ಊರಿಂದೂರಿಗೆ ಬೇರೆಯಾಗುತ್ತದೆ. ಒಂದು ಕಡೆಯ ವಿಷದಿಂದ ಮಾಡಿದ ಔಷಧಿ ಇನ್ನೊಂದು ಕಡೆಯ ಹಾವಿಗೆ ಅಷ್ಟು ಚೆನ್ನಾಗಿ ನಾಟುವುದಿಲ್ಲ. ಆಗ 10 ಸಾಲದೆ 20 ಬೇಕಾಗುತ್ತದೆ. ಜಾಸ್ತಿ ಹಾಕಿದಷ್ಟೂ ಜಾಸ್ತಿ ಕುದುರೆ ರಕ್ತ, ರೋಗಿಗೂ ಜಾಸ್ತಿ ಅಪಾಯ. ಕುದುರೆಯ ಪ್ರೋಟೀನ್ ಮೈಗೆ ಹಿಡಿಸದೆ ಬಿಪಿ ಇಳಿದು ಒದ್ದಾಡಿದವರನ್ನು ನೋಡಿದ್ದೇನೆ, ಅದಕ್ಕೇ ಅಡ್ರಿನಲಿನ್ ಪಕ್ಕದಲ್ಲೇ ಇಟ್ಟುಕೊಂಡು ಶುರು ಮಾಡುತ್ತೇವೆ. ಇನ್ನು, ಕಚ್ಚಿದ ಹಾವೆಲ್ಲ ವಿಷದ್ದಲ್ಲ, ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ಆದರೂ ರೋಗಿಯ ಕಡೆಯವರ ಗಲಾಟೆಗೆ ಹೆದರಿ "ಹಾಕಿಬಿಡಿ ಸಿಸ್ಟರ್" ಅಂದಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆ ಸೀಸೆಗಳಿಗಾಗಿ ಚುಚ್ಚಿಸಿಕೊಂಡ ಕುದುರೆಗೆ ನಾನು ಏನು ಉತ್ತರ ಕೊಡಲಿ?

ನಮ್ಮಲ್ಲಿ ಪ್ರಾಣಿ ಹಿಂಸೆ ತಡೆಯುವ 1960ರ ಕಾಯ್ದೆ ಇದೆ, ಪ್ರಾಣಿ ಪ್ರಯೋಗದ ಬಗ್ಗೆ 1998ರ ನಿಯಮಗಳಿವೆ, ಪ್ರಯೋಗಕ್ಕೆ ಮುಂಚೆ ಸಮಿತಿಯ ಒಪ್ಪಿಗೆ ಬೇಕು. ಇರಲಿ, ಬೇಕಾದ್ದೇ. ಆದರೆ ಪ್ರದೇಶಕ್ಕೆ ತಕ್ಕ ಒಳ್ಳೆ ಎಎಸ್‌ವಿ ಮಾಡಿದರೆ ರೋಗಿಯೂ ಬೇಗ ಹುಷಾರಾಗುತ್ತಾನೆ, ಕುದುರೆಯ ರಕ್ತವೂ ಉಳಿಯುತ್ತದೆ. ಒಂದು ಜೊತೆ ಗಂಬೂಟು, ಒಂದು ಟಾರ್ಚು ಇದ್ದಿದ್ದರೆ ಆ ಹುಡುಗನಿಗೆ ಆ 20 ವಯಲ್ ಬೇಕಾಗುತ್ತಲೇ ಇರಲಿಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಲೇಬೇಕು ಅಂತ ಮಾಡಿತು. ಎಲ್ಲಿ ಎಷ್ಟು ಅಂತ ಲೆಕ್ಕ ಸಿಕ್ಕರೆ ಬೂಟು ಎಲ್ಲಿಗೆ ಬೇಕು, ಔಷಧಿ ಎಲ್ಲಿಗೆ ಬೇಕು ಅನ್ನುವುದಾದರೂ ಗೊತ್ತಾಗುತ್ತದೆ.

ಕುದುರೆಯೇ ಬೇಡದ ದಿನ ಬರುತ್ತದಾ ಅಂತ ನೀವು ಕೇಳಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೊತೆ ಸೇರಿ, ಲ್ಯಾಬಿನಲ್ಲೇ ರೂಪಿಸಿದ ಒಂದು ಪ್ರತಿಕಾಯದ ಬಗ್ಗೆ 2024ರಲ್ಲಿ ಪ್ರಕಟಿಸಿದರು. ನಾಗರ ಜಾತಿಯ ಹಾವುಗಳ ವಿಷದಲ್ಲಿರುವ ಒಂದು ಬಗೆಯ ನರವಿಷಕ್ಕೆ ಅದು ನಾಟುತ್ತದೆ. ನಮ್ಮ ಕೊಳಕುಮಂಡಲಕ್ಕೆ ಅಲ್ಲ. ಅದಕ್ಕಿನ್ನೂ ಕಾಯಬೇಕು. ಆ ಪ್ರತಿಕಾಯ ಕೆಲಸ ಮಾಡುತ್ತದೆ ಅಂತ ಗೊತ್ತಾಗಿದ್ದು ಹೇಗೆ ಅಂದರೆ, ಬಿಳಿ ಇಲಿಗಳಿಗೆ ವಿಷ ಚುಚ್ಚಿ ನೋಡಿದರು.

ಸರಿ, ಹಿಂದೆ ಕೂತಿರುವ ಹುಡುಗಿ ಆಗಿನಿಂದ ಕೈ ಎತ್ತಿಕೊಂಡೇ ಇದ್ದಾಳೆ. ಕೇಳಮ್ಮ.